ವಿದೇಶಾಂಗ ಸಚಿವರ ಪ್ರಶ್ನೋತ್ತರ: ತುಮಕೂರಿನ ಬಳಕೆದಾರನೊಬ್ಬನ ವಿಮರ್ಶೆ

ಸಂಸತ್ತಿನಲ್ಲಿ ವಿದೇಶಾಂಗ ಸಚಿವರು ಕೊಡುವ ಉತ್ತರಗಳನ್ನು ಜನರಿಗೆ ತಲುಪಿಸುವ ವ್ಯವಸ್ಥೆಯನ್ನು ಒಂದು ಸಾರ್ವಜನಿಕ ಸೇವೆ ಎಂದು ಎಣಿಸಿ, ಬಳಕೆದಾರನ ಕಡೆಯಿಂದ ಅದರ ಗುಣದೋಷಗಳನ್ನು ತೂಗಿ ನೋಡುವುದು ಈ ಬರಹದ ಉದ್ದೇಶ. ಈ ಸೇವೆಗೆ ಮೂರು ಬಾಗಿಲುಗಳಿವೆ: ಲೋಕಸಭಾ ಟಿವಿ ಮತ್ತು ರಾಜ್ಯಸಭಾ ಟಿವಿಗಳನ್ನು ಒಂದುಗೂಡಿಸಿ 2021ರ ಸೆಪ್ಟೆಂಬರ್ 15ರಂದು ಉದ್ಘಾಟಿಸಲಾದ ಸಂಸದ್ ಟಿವಿ, ಎರಡೂ ಸದನಗಳ ಪ್ರಶ್ನೋತ್ತರಗಳನ್ನು ಹುಡುಕಲು ಸಿಗುವ ಸಂಸತ್ತಿನ ಜಾಲತಾಣ, ಮತ್ತು ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲಿರುವ ಸಂಸತ್ ಪ್ರಶ್ನೋತ್ತರ ವಿಭಾಗ. ಮೂರಕ್ಕೂ ಕಾಸು ಕೊಡಬೇಕಾಗಿಲ್ಲ, ಖಾತೆ ತೆರೆಯಬೇಕಾಗಿಲ್ಲ. ತುಮಕೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವ ಮಕ್ಕಳಿಗೆ ಭಾರತದ ವಿದೇಶಾಂಗ ನೀತಿಯನ್ನು ಪಾಠ ಹೇಳುವ ನನಗೆ ಇವು ಪಠ್ಯಪುಸ್ತಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿವೆ. ಆದರೆ ಮೂರರ ಗುಣಮಟ್ಟವೂ ಒಂದೇ ಅಲ್ಲ. ಲಿಖಿತ ಉತ್ತರಗಳ ಭಂಡಾರಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡಲು ನನಗೆ ಸಂಕೋಚವಿಲ್ಲ. ದೂರದರ್ಶನದ ಪ್ರಸಾರವನ್ನು ಮಾತ್ರ ನೋಡಿ ಅಭಿಪ್ರಾಯ ಕಟ್ಟಿಕೊಳ್ಳುವವರಿಗೆ ಎರಡಕ್ಕಿಂತ ಹೆಚ್ಚು ಬೆಲೆಯ ಸರಕು ದಕ್ಕುವುದಿಲ್ಲ.

ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದು ತಿಳಿದಿದ್ದರೆ ಈ ಅಂತರದ ಕಾರಣವೂ ತಿಳಿಯುತ್ತದೆ. ಪ್ರಶ್ನೋತ್ತರ ವೇಳೆ ಲೋಕಸಭೆಯಲ್ಲಿ ಬೆಳಿಗ್ಗೆ 11ಕ್ಕೆ ಆರಂಭವಾಗುತ್ತದೆ. ರಾಜ್ಯಸಭೆಯಲ್ಲಿ 2014ರಿಂದೀಚೆಗೆ ಅದು ಮಧ್ಯಾಹ್ನ 12ಕ್ಕೆ ಸರಿದಿದೆ. ಸಚಿವಾಲಯಗಳನ್ನು ಗುಂಪುಗಳಾಗಿ ವಿಂಗಡಿಸಿ ವಾರದ ಒಂದೊಂದು ದಿನವನ್ನು ಒಂದೊಂದು ಗುಂಪಿಗೆ ಗೊತ್ತುಮಾಡಲಾಗಿದ್ದು, ಈಚಿನ ವರ್ಷಗಳಲ್ಲಿ ವಿದೇಶಾಂಗ ಸಚಿವಾಲಯದ ಸರದಿ ರಾಜ್ಯಸಭೆಯಲ್ಲಿ ಗುರುವಾರ, ಲೋಕಸಭೆಯಲ್ಲಿ ಶುಕ್ರವಾರ ಬರುತ್ತಿದೆ. ಸದಸ್ಯರು ಸಾಮಾನ್ಯವಾಗಿ 15 ದಿನ ಮುಂಚಿತವಾಗಿ ನೋಟಿಸು ಕೊಡಬೇಕು, ಯಾರ ಪ್ರಶ್ನೆಗೆ ಸ್ಥಾನ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಲೋಕಸಭೆಯ ಒಂದು ದಿನದ ಪಟ್ಟಿಯಲ್ಲಿ ಎಲ್ಲ ಸಚಿವಾಲಯಗಳಿಗೂ ಸೇರಿ ಚುಕ್ಕೆ ಗುರುತಿನ ಪ್ರಶ್ನೆಗಳು 20, ಚುಕ್ಕೆ ಗುರುತಿಲ್ಲದವು 230. ರಾಜ್ಯಸಭೆಯಲ್ಲಿ ಅನುಕ್ರಮವಾಗಿ 15 ಮತ್ತು 160. ಚುಕ್ಕೆ ಗುರುತಿನವಕ್ಕೆ ಮಾತ್ರ ಸಚಿವರು ಎದ್ದು ನಿಂತು ಉತ್ತರಿಸಿ ಉಪಪ್ರಶ್ನೆಗಳನ್ನು ಎದುರಿಸುತ್ತಾರೆ. ಉಳಿದವಕ್ಕೆ ಲಿಖಿತ ಉತ್ತರವಷ್ಟೇ. ಗಲಾಟೆಯಿಲ್ಲದೆ ಒಂದು ಗಂಟೆ ಪೂರ್ತಿ ನಡೆದ ದಿನವೂ ಇಪ್ಪತ್ತು ಚುಕ್ಕೆ ಪ್ರಶ್ನೆಗಳು ಮುಗಿಯುವುದು ಅಪರೂಪ, ಮುಗಿಯದವು ಕೂಡ ಲಿಖಿತ ಉತ್ತರದ ಪಟ್ಟಿಗೇ ಸೇರುತ್ತವೆ. ಹಾಗಾಗಿ ಟಿವಿಯಲ್ಲಿ ಕಾಣುವುದು ಇಡೀ ವ್ಯವಹಾರದ ಒಂದು ಸಣ್ಣ ಮೂಲೆ.

ಆ ಸಣ್ಣ ಮೂಲೆಯಲ್ಲೂ ಒಂದು ತೊಡಕಿದೆ. ಪ್ರಶ್ನೆಯ ಸಂಖ್ಯೆ ಕರೆದ ಕೂಡಲೇ ಸಚಿವರು ಎದ್ದು, ಹೇಳಿಕೆಯನ್ನು ಸದನದ ಮುಂದೆ ಇಡಲಾಗಿದೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಕುಳಿತುಕೊಳ್ಳುತ್ತಾರೆ. ಮೂಲ ಪ್ರಶ್ನೆಯನ್ನೂ ಯಾರೂ ಓದುವುದಿಲ್ಲ, ಮೂಲ ಉತ್ತರವನ್ನೂ ಓದುವುದಿಲ್ಲ. ಸದಸ್ಯರ ಕೈಯಲ್ಲಿ ಆ ಕಾಗದ ಇರುತ್ತದೆ, ನೋಡುಗನ ಕೈಯಲ್ಲಿ ಇರುವುದಿಲ್ಲ. ನೇರವಾಗಿ ಉಪಪ್ರಶ್ನೆಯಿಂದ ಕೇಳಲು ತೊಡಗುವವನಿಗೆ, ಸಚಿವರು ಯಾವ ಮಾತನ್ನು ಒತ್ತಿ ಹೇಳುತ್ತಿದ್ದಾರೆ, ಯಾವುದನ್ನು ಪಕ್ಕಕ್ಕೆ ಸರಿಸುತ್ತಿದ್ದಾರೆ ಎಂಬುದು ಅರ್ಥವಾಗುವ ದಾರಿಯೇ ಇಲ್ಲ. ಪ್ರಶ್ನೆಗಳ ಪಟ್ಟಿ ಮುಂಚಿತವಾಗಿ ಜಾಲತಾಣದಲ್ಲಿ ಸಿಗುತ್ತದೆ. ಅದನ್ನು ತೆರೆದಿಟ್ಟುಕೊಂಡು ಪ್ರಸಾರ ನೋಡಿದರೆ ಅರ್ಧ ತೊಂದರೆ ನೀಗುತ್ತದೆ. ಉಳಿದರ್ಧಕ್ಕೆ ಉತ್ತರ ಜಾಲತಾಣಕ್ಕೆ ಬರುವವರೆಗೆ ಕಾಯಬೇಕು.

ಎಸ್. ಜೈಶಂಕರ್ ಅವರು 2019ರ ಮೇ 30ರಿಂದ ಈ ಖಾತೆಯಲ್ಲಿದ್ದಾರೆ. ಅದಕ್ಕೂ ಮೊದಲು 2015ರಿಂದ 2018ರವರೆಗೆ ವಿದೇಶಾಂಗ ಕಾರ್ಯದರ್ಶಿಯಾಗಿದ್ದವರು, ಚೀನಾದಲ್ಲೂ ಅಮೆರಿಕದಲ್ಲೂ ರಾಯಭಾರಿಯಾಗಿದ್ದವರು. ಹಿಂದೆ ಸಚಿವರಿಗೆ ಉತ್ತರ ಸಿದ್ಧಪಡಿಸಿ ಕೊಡುವ ಇಲಾಖೆಯ ಮುಖ್ಯಸ್ಥರಾಗಿದ್ದ ವ್ಯಕ್ತಿಯೇ ಈಗ ಸದನದಲ್ಲಿ ಉತ್ತರ ಹೇಳುತ್ತಿರುವುದರಿಂದ ಉಪಪ್ರಶ್ನೆಗಳಿಗೆ ಅವರು ಕಡತ ನೋಡದೆ, ವಿವರ ತಪ್ಪದೆ ಮಾತನಾಡುತ್ತಾರೆ. ಇದು ಈ ಸೇವೆಯ ನಿಜವಾದ ಆಕರ್ಷಣೆ. ಆದರೆ ಆ ಆಕರ್ಷಣೆಯೇ ಅದರ ದೋಷಕ್ಕೂ ಕಾರಣವಾಗಿದೆ ಎಂಬುದು ನನ್ನ ಅನಿಸಿಕೆ. ಮೊಬೈಲಿನಲ್ಲಿ ಹರಿದಾಡುವ ಮುಕ್ಕಾಲು ನಿಮಿಷದ ತುಣುಕುಗಳಲ್ಲಿ ಸಚಿವರ ಚುರುಕು ಮಾತು ಇರುತ್ತದೆ, ಪ್ರಶ್ನೆ ಇರುವುದಿಲ್ಲ. ತರಗತಿಯಲ್ಲಿ ಅಂತಹ ತುಣುಕನ್ನು ತಂದು ತೋರಿಸುವ ವಿದ್ಯಾರ್ಥಿಗೆ ನಾನು ಕೇಳುವುದು ಒಂದೇ: ಕೇಳಿದವರು ಏನು ಕೇಳಿದ್ದರು? ಬಹುತೇಕ ಸಂದರ್ಭಗಳಲ್ಲಿ ಉತ್ತರ ಬರುವುದಿಲ್ಲ. ಆ ತುಣುಕು ಪ್ರಶ್ನೋತ್ತರದ್ದೋ, ಚರ್ಚೆಯದೋ, ಸಚಿವರು ತಾವಾಗಿ ಮಾಡಿದ ಹೇಳಿಕೆಯದೋ ಎಂಬುದೂ ಅವರಿಗೆ ಗೊತ್ತಿರುವುದಿಲ್ಲ.

ಈ ಕೊನೆಯ ವ್ಯತ್ಯಾಸ ಸಣ್ಣದಲ್ಲ. ಲೋಕಸಭೆಯ ನಡಾವಳಿಯ 372ನೆಯ ನಿಯಮದ ಪ್ರಕಾರ ಸಚಿವರು ತಾವಾಗಿ ಹೇಳಿಕೆ ನೀಡಿದಾಗ ಆ ಹೊತ್ತಿನಲ್ಲಿ ಯಾವ ಪ್ರಶ್ನೆಯನ್ನೂ ಕೇಳುವಂತಿಲ್ಲ. ರಾಜ್ಯಸಭೆಯಲ್ಲಿ ಸ್ಪಷ್ಟೀಕರಣ ಕೇಳುವ ಪದ್ಧತಿ ಇದೆ. ಪೂರ್ವ ಲಡಾಖ್‌ನಲ್ಲಿ ಭಾರತ ಮತ್ತು ಚೀನಾದ ಸೇನೆಗಳು ಎದುರುಬದುರಾಗಿ ನಿಂತಿದ್ದ ಜಾಗಗಳಿಂದ ಹಿಂದೆ ಸರಿದ ಬಗ್ಗೆ 2024ರ ಡಿಸೆಂಬರ್ 3ರಂದು ಜೈಶಂಕರ್ ಲೋಕಸಭೆಯಲ್ಲಿ ಮಾತನಾಡಿದ್ದು ಇಂತಹ ಹೇಳಿಕೆಯ ರೂಪದಲ್ಲಿ. ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ಅಮೃತಸರಕ್ಕೆ ತಂದಿಳಿಸಿದ ಮರುದಿನ, 2025ರ ಫೆಬ್ರುವರಿ 6ರಂದು, ಅವರು ರಾಜ್ಯಸಭೆಯಲ್ಲಿ ಹೇಳಿಕೆ ಕೊಟ್ಟು 2009ರಿಂದ ವರ್ಷವಾರು ಎಷ್ಟು ಮಂದಿಯನ್ನು ಅಮೆರಿಕ ಹಿಂದಕ್ಕೆ ಕಳುಹಿಸಿದೆ ಎಂಬ ಪಟ್ಟಿಯನ್ನು ಮುಂದಿಟ್ಟರು, ಸದಸ್ಯರ ಮಾತುಗಳಿಗೂ ಉತ್ತರಿಸಿದರು. ಎರಡನ್ನೂ ನೋಡಿದವರಿಗೆ ಪ್ರಶ್ನೆಯ ಎದುರು ನಿಂತ ಸಚಿವರಿಗೂ ಪ್ರಶ್ನೆಯೇ ಇಲ್ಲದೆ ಮಾತನಾಡುವ ಸಚಿವರಿಗೂ ಇರುವ ಅಂತರ ಕಾಣುತ್ತದೆ. ಸಂಸದ್ ಟಿವಿಯ ಪರದೆಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ.

ಈಗ ಲಿಖಿತ ಉತ್ತರಗಳಿಗೆ ಬರುತ್ತೇನೆ, ಏಕೆಂದರೆ ಈ ಸೇವೆಯ ಸತ್ವ ಇರುವುದು ಅಲ್ಲೇ. ಬೇರೆಲ್ಲೂ ಸುಲಭವಾಗಿ ಸಿಗದ ಅಂಕಿಅಂಶಗಳು ಇಲ್ಲಿ ಸರ್ಕಾರದ ಹೊಣೆಗಾರಿಕೆಯೊಂದಿಗೆ ದೊರೆಯುತ್ತವೆ. ಉದಾಹರಣೆಗೆ, 2023ರ ಫೆಬ್ರುವರಿಯಲ್ಲಿ ರಾಜ್ಯಸಭೆಗೆ ಕೊಟ್ಟ ಲಿಖಿತ ಉತ್ತರವೊಂದರಲ್ಲಿ 2011ರಿಂದ ಭಾರತದ ಪೌರತ್ವ ತ್ಯಜಿಸಿದವರ ಸಂಖ್ಯೆ ವರ್ಷವಾರು ಇತ್ತು: 2011ರಲ್ಲಿ 1,22,819, ಕೊರೊನಾದ 2020ರಲ್ಲಿ 85,256ಕ್ಕೆ ಇಳಿದು, 2022ರಲ್ಲಿ 2,25,620ಕ್ಕೆ ಏರಿದ್ದು. ಒಂದು ಪುಟದ ಈ ಉತ್ತರದಿಂದ ಒಂದು ತಾಸಿನ ಪಾಠ ಹುಟ್ಟುತ್ತದೆ. 2024ರ ಜುಲೈ 26ರಂದು ಲೋಕಸಭೆಗೆ ಬಂದ ಇನ್ನೊಂದು ಉತ್ತರ, ಹಿಂದಿನ ಐದು ವರ್ಷಗಳಲ್ಲಿ 41 ದೇಶಗಳಲ್ಲಿ 633 ಭಾರತೀಯ ವಿದ್ಯಾರ್ಥಿಗಳು ತೀರಿಕೊಂಡಿದ್ದಾರೆ, ಅವರಲ್ಲಿ ಕೆನಡಾದಲ್ಲಿ 172, ಅಮೆರಿಕದಲ್ಲಿ 108 ಮಂದಿ ಎಂದು ತಿಳಿಸಿತು. ತುಮಕೂರಿನಿಂದ ಮಕ್ಕಳನ್ನು ಹೊರದೇಶದ ಓದಿಗೆ ಕಳುಹಿಸುವ ಮನೆಗಳು ಈಗ ಕಡಿಮೆಯಿಲ್ಲ. ಸಾಲ ಕೊಡಿಸುವ ಏಜೆಂಟರು ಹಂಚುವ ಬಣ್ಣದ ಕಾಗದದ ಜೊತೆಗೆ ಇದನ್ನೂ ಓದಿಕೊಂಡರೆ ಒಳ್ಳೆಯದು. ಸಂಖ್ಯೆ ಕೇಳಿ ಹೆದರಬೇಕಾಗಿಲ್ಲ: ಕಾಯಿಲೆ, ಅಪಘಾತ, ಸಹಜ ಕಾರಣಗಳೆಲ್ಲ ಅದರೊಳಗೆ ಸೇರಿವೆ, ಹಲ್ಲೆಯಿಂದ ಸತ್ತವರು 19 ಎಂದು ಅದೇ ಉತ್ತರ ಬೇರೆಯಾಗಿ ಹೇಳುತ್ತದೆ.

ಇಂತಹ ಅಂಕಿಗಳಿಗೆ ಮಿತಿಗಳೂ ಇವೆ, ಕೆಲವನ್ನು ಉತ್ತರಗಳೇ ಹೇಳಿಕೊಳ್ಳುತ್ತವೆ. 2025ರ ಮಾರ್ಚ್‌ನಲ್ಲಿ ಕೊಟ್ಟ ಉತ್ತರದ ಪ್ರಕಾರ ವಿಚಾರಣಾಧೀನರೂ ಸೇರಿ ಹೊರದೇಶಗಳ ಜೈಲುಗಳಲ್ಲಿದ್ದ ಭಾರತೀಯರು 10,152. ಇಂತಹ ಉತ್ತರಗಳಲ್ಲಿ ತಪ್ಪದೆ ಬರುವ ಒಂದು ಮಾತಿದೆ: ಹಲವು ದೇಶಗಳ ಖಾಸಗಿತನದ ಕಾನೂನು ಬಲವಾಗಿರುವುದರಿಂದ ಕೈದಿ ತಾನೇ ಒಪ್ಪದ ಹೊರತು ಅಲ್ಲಿನ ಅಧಿಕಾರಿಗಳು ವಿವರ ಕೊಡುವುದಿಲ್ಲ. ಪತ್ರಿಕೆಯ ತಲೆಬರಹದಲ್ಲಿ ಸಂಖ್ಯೆ ಉಳಿಯುತ್ತದೆ, ಆ ವಾಕ್ಯ ಬಿದ್ದುಹೋಗುತ್ತದೆ. ಮೂಲವನ್ನೇ ಓದಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಹಾಗಾದರೆ ನಾಲ್ಕು ಅಂಕವೇ ಏಕೆ, ಐದು ಏಕಿಲ್ಲ? ಮುಖ್ಯ ಕಾರಣ ಉತ್ತರಗಳ ಕಟ್ಟಡದಲ್ಲಿದೆ. ಸದಸ್ಯರು ಒಂದು ಪ್ರಶ್ನೆಯನ್ನು ಎ, ಬಿ, ಸಿ, ಡಿ ಎಂದು ಬಿಡಿಸಿ ಬರೆದಿರುತ್ತಾರೆ. ಎಷ್ಟು ಮಂದಿ, ಯಾವ ದೇಶ, ಯಾವ ಕ್ರಮ, ಎಷ್ಟು ಖರ್ಚು ಎಂದು ಪ್ರತ್ಯೇಕವಾಗಿ ಕೇಳಿದ್ದಕ್ಕೆ ಉತ್ತರವೂ ಪ್ರತ್ಯೇಕವಾಗಿ ಬಂದರೆ ಅದನ್ನು ಕಣ್ಣು ಮುಚ್ಚಿ ನಂಬಬಹುದು. ಆದರೆ ವಿದೇಶಾಂಗ ಸಚಿವಾಲಯದ ಬಹಳಷ್ಟು ಉತ್ತರಗಳು 'ಎ ಇಂದ ಡಿ ವರೆಗೆ' ಎಂದು ಶುರುವಾಗಿ, ಎರಡು ಮೂರು ಪ್ಯಾರಾಗಳಲ್ಲಿ ಒಟ್ಟಾಗಿ ಮುಗಿದುಬಿಡುತ್ತವೆ. ದಿನಸಿ ಅಂಗಡಿಯವನು ಐದು ಸಾಮಾನಿಗೆ ಒಂದೇ ಮೊತ್ತ ಬರೆದು ಕೊಟ್ಟ ಚೀಟಿಯಂತೆ, ಯಾವುದಕ್ಕೆ ಎಷ್ಟಾಯಿತು ಎಂಬುದು ಗೊತ್ತಾಗುವುದಿಲ್ಲ, ಯಾವ ಸಾಮಾನು ಕಟ್ಟಿಯೇ ಇಲ್ಲ ಎಂಬುದೂ ಗೊತ್ತಾಗುವುದಿಲ್ಲ. ಸರ್ಕಾರ ಪರಿಸ್ಥಿತಿಯನ್ನು ಸೂಕ್ಷ್ಮವಾಗಿ ಗಮನಿಸುತ್ತಿದೆ, ಸಂಬಂಧಪಟ್ಟ ದೇಶದೊಂದಿಗೆ ವಿಷಯವನ್ನು ನಿರಂತರವಾಗಿ ಪ್ರಸ್ತಾಪಿಸುತ್ತಿದೆ ಎಂಬ ಧಾಟಿಯ ವಾಕ್ಯಗಳು ಹೆಚ್ಚು ಕಾಣುವುದು ಇಂತಹ ಒಟ್ಟುಗೂಡಿಸಿದ ಉತ್ತರಗಳಲ್ಲೇ. ರಾಜತಾಂತ್ರಿಕ ವ್ಯವಹಾರದಲ್ಲಿ ಎಲ್ಲವನ್ನೂ ಬಿಚ್ಚಿ ಹೇಳಲಾಗದು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಮಾತುಕತೆಯ ನಡುವೆ ಇರುವ ವಿಷಯವನ್ನು ಸದನದಲ್ಲಿ ಬಯಲು ಮಾಡಿದರೆ ಎದುರಿನ ದೇಶವೂ ಅದನ್ನು ಓದುತ್ತದೆ. ಆದರೆ ಹೇಳಲಾಗದ್ದನ್ನು ಹೇಳಲಾಗದು ಎಂದು ಬರೆಯುವುದಕ್ಕೂ, ಹೇಳಿದಂತೆ ತೋರಿಸಿ ಹೇಳದೇ ಇರುವುದಕ್ಕೂ ವ್ಯತ್ಯಾಸವಿದೆ. ನನ್ನ ವಿದ್ಯಾರ್ಥಿಗಳಿಗೆ ನಾನು ಕೊಡುವ ಅಭ್ಯಾಸವೂ ಇದೇ: ಇಂತಹ ಉತ್ತರವೊಂದನ್ನು ತೆಗೆದುಕೊಂಡು, ಪ್ರಶ್ನೆಯ ಪ್ರತಿಯೊಂದು ಭಾಗಕ್ಕೂ ಉತ್ತರದ ಯಾವ ವಾಕ್ಯ ಸೇರುತ್ತದೆ ಎಂದು ಗೆರೆ ಎಳೆದು ಜೋಡಿಸಬೇಕು. ಗೆರೆ ಸಿಗದೆ ಉಳಿದ ಭಾಗವೇ ಹೆಚ್ಚಿನ ಸಲ ಆ ಪ್ರಶ್ನೆಯ ತಿರುಳಾಗಿರುತ್ತದೆ.

ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು ಎಂಬ ಉತ್ತರ ಬಂದರೆ ಮಾತ್ರ ಬೇಸರಪಡಬೇಕಾಗಿಲ್ಲ. ಸದನದ ಲೆಕ್ಕದಲ್ಲಿ ಅದು ಭರವಸೆ. ಮೂರು ತಿಂಗಳೊಳಗೆ ಅದನ್ನು ಪೂರೈಸಬೇಕು, ಪೂರೈಸದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಸಚಿವಾಲಯವನ್ನು ಕೇಳುತ್ತದೆ. ನುಣುಚಿಕೊಂಡ ಉತ್ತರಕ್ಕೆ ಈ ಬಾಧ್ಯತೆಯೂ ಇಲ್ಲ.

ಇನ್ನೊಂದು ಕೊರತೆ ಕಣ್ಣಿಗೆ ಬೀಳುವಂಥದ್ದೇ ಅಲ್ಲ. ಜಾಲತಾಣದಲ್ಲಿ ಸಿಗುವುದು ಅಂಗೀಕಾರವಾದ ಪ್ರಶ್ನೆಗಳು ಮಾತ್ರ. ತಿರಸ್ಕೃತವಾದವು ಎಷ್ಟು, ಯಾವ ಕಾರಣಕ್ಕೆ ಎಂಬುದು ಓದುಗನಿಗೆ ತಿಳಿಯುವುದಿಲ್ಲ. ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು, ಅಭಿಪ್ರಾಯ ಕೇಳಬಾರದು, ಸ್ನೇಹಪರ ವಿದೇಶವೊಂದರ ಬಗ್ಗೆ ಅಗೌರವದ ಮಾತು ಇರಬಾರದು ಎಂದು ಲೋಕಸಭೆಯ 41ನೆಯ ನಿಯಮ ಹೇಳುತ್ತದೆ. ನಿಯಮಗಳು ಸರಿಯೇ. ಆದರೆ ಚೀನಾ ಸೇನೆ ವಾಸ್ತವ ನಿಯಂತ್ರಣ ರೇಖೆಯನ್ನು ದಾಟಿದೆಯೇ ಎಂಬ ತಮ್ಮ ಪ್ರಶ್ನೆಯನ್ನು ರಾಷ್ಟ್ರೀಯ ಹಿತಾಸಕ್ತಿಯ ಕಾರಣ ಕೊಟ್ಟು ತಳ್ಳಿಹಾಕಲಾಗಿದೆ ಎಂದು ಆಗ ಆಡಳಿತ ಪಕ್ಷದ ರಾಜ್ಯಸಭಾ ಸದಸ್ಯರೇ ಆಗಿದ್ದ ಸುಬ್ರಮಣಿಯನ್ ಸ್ವಾಮಿ 2021ರ ಡಿಸೆಂಬರ್‌ನಲ್ಲಿ ಬಹಿರಂಗವಾಗಿ ಹೇಳಿದ್ದರು. ಅವರು ಹೇಳಿದ್ದರಿಂದ ನಮಗೆ ಗೊತ್ತಾಯಿತು, ಜಾಲತಾಣದಿಂದಲ್ಲ.

ತುಮಕೂರಿನವರಿಗೆ ಈ ಸೇವೆ ಎಷ್ಟು ಹತ್ತಿರ ಎಂಬ ಪ್ರಶ್ನೆಗೆ ನಾನು ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ. ಗುಬ್ಬಿ, ತುರುವೇಕೆರೆ, ತಿಪಟೂರು ಕಡೆಯ ಅಡಿಕೆ ಬೆಳೆಗಾರರಿಗೆ ನೆರೆದೇಶದೊಂದಿಗಿನ ಸಂಬಂಧ ಎಂದರೆ ಮೊದಲು ನೆನಪಾಗುವುದು ಭೂತಾನ್. 2022ರ ಸೆಪ್ಟೆಂಬರ್‌ನಲ್ಲಿ ಆ ದೇಶದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಿಸಲು ಕೇಂದ್ರ ಅನುಮತಿ ಕೊಟ್ಟಾಗ ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಗದ್ದಲವಾಯಿತು. ಮುಂದಿನ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಲಾಯಿತು. ಇದು ವಿದೇಶ ವ್ಯವಹಾರವಲ್ಲದೆ ಇನ್ನೇನು? ಆದರೆ ವಿದೇಶಾಂಗ ಸಚಿವಾಲಯದ ಪ್ರಶ್ನೋತ್ತರ ವಿಭಾಗದಲ್ಲಿ ಅಡಿಕೆಯನ್ನು ಹುಡುಕಿದರೆ ನಿರಾಶೆಯಾಗುತ್ತದೆ, ಏಕೆಂದರೆ ಆಮದಿನ ಅಧಿಸೂಚನೆ ಹೊರಡಿಸುವ ವಿದೇಶ ವ್ಯಾಪಾರ ಮಹಾ ನಿರ್ದೇಶನಾಲಯ ವಾಣಿಜ್ಯ ಸಚಿವಾಲಯದ ಕೆಳಗಿದೆ. ವಸಂತನರಸಾಪುರದ ಜಪಾನ್ ಕೈಗಾರಿಕಾ ಟೌನ್‌ಶಿಪ್ಪಿನ ವಿಷಯವೂ ಹಾಗೆಯೇ: ಜಪಾನಿನ ಜೊತೆಗಿನ ಒಪ್ಪಂದ ಎಂದು ನಾವು ತಿಳಿಯುತ್ತೇವೆ, ಉತ್ತರ ಕೊಡುವುದು ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯ. ಆದ್ದರಿಂದ ಸಚಿವಾಲಯದ ಹೆಸರಿನಿಂದ ಹುಡುಕುವ ಬದಲು ಸಂಸತ್ತಿನ ಜಾಲತಾಣದಲ್ಲಿ ವಿಷಯದ ಹೆಸರಿನಿಂದ, ಎಲ್ಲ ಸಚಿವಾಲಯಗಳನ್ನೂ ಸೇರಿಸಿಕೊಂಡು ಹುಡುಕಬೇಕು. ಎರಡು ಜಾಲತಾಣಗಳಲ್ಲಿ ಸಂಸತ್ತಿನದೇ ಮೇಲು ಎಂದು ನಾನು ಹೇಳುವುದಕ್ಕೆ ಇದೊಂದೇ ಕಾರಣ ಸಾಕು. ವಿದೇಶಾಂಗ ಸಚಿವಾಲಯದ ವಿಭಾಗ ತನ್ನ ಖಾತೆಯ ಉತ್ತರಗಳನ್ನು ದಿನಾಂಕದ ಕ್ರಮದಲ್ಲಿ ಚೊಕ್ಕಟವಾಗಿ ಕೊಡುತ್ತದೆ, ಓದಲೂ ಸುಲಭ. ಅದರ ಆಚೆಗೆ ಅದು ಹೋಗುವುದಿಲ್ಲ.

ನಮ್ಮ ಪರವಾಗಿ ಯಾರು ಕೇಳುತ್ತಾರೆ ಎಂಬುದನ್ನೂ ಸದಸ್ಯರ ಹೆಸರಿನಿಂದ ಹುಡುಕಿ ತಿಳಿಯಬಹುದು. ತುಮಕೂರು ಕ್ಷೇತ್ರದ ಸಂಸದ ವಿ. ಸೋಮಣ್ಣನವರು ಕೇಂದ್ರದ ರಾಜ್ಯ ಸಚಿವರಾಗಿರುವುದರಿಂದ ಅವರು ಉತ್ತರಿಸುವ ಸಾಲಿನಲ್ಲಿದ್ದಾರೆ, ಕೇಳುವ ಸಾಲಿನಲ್ಲಿಲ್ಲ. ಆದರೆ ಜಿಲ್ಲೆಯ ಶಿರಾ ಮತ್ತು ಪಾವಗಡ ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೂ, ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೂ ಸೇರಿರುವುದರಿಂದ ಜಿಲ್ಲೆಯ ಕೆಲವು ತಾಲ್ಲೂಕುಗಳ ಜನರಿಗೆ ತಮ್ಮದೇ ಪ್ರಶ್ನೆ ಕೇಳಿಸುವ ಅವಕಾಶ ಇನ್ನೂ ಇದೆ. ಕೇರಳದ ಸದಸ್ಯರು ಕೊಲ್ಲಿ ರಾಷ್ಟ್ರಗಳ ಕಾರ್ಮಿಕರ ಬಗ್ಗೆ, ತಮಿಳುನಾಡಿನವರು ಶ್ರೀಲಂಕಾ ಬಂಧಿಸುವ ಮೀನುಗಾರರ ಬಗ್ಗೆ ಅಧಿವೇಶನದಿಂದ ಅಧಿವೇಶನಕ್ಕೆ ಬಿಡದೆ ಕೇಳುವುದನ್ನು ನೋಡಿದಾಗ, ಒಂದೇ ವಿಷಯವನ್ನು ಮತ್ತೆ ಮತ್ತೆ ಕೇಳುವುದರಿಂದ ಉತ್ತರ ಹೇಗೆ ಸ್ವಲ್ಪಸ್ವಲ್ಪವಾಗಿ ಬಿಚ್ಚಿಕೊಳ್ಳುತ್ತದೆ ಎಂಬುದು ಗೊತ್ತಾಗುತ್ತದೆ. ನಮ್ಮ ಕಡೆಯವರು ಪಾಸ್‌ಪೋರ್ಟ್ ಕೇಂದ್ರದಾಚೆಗೂ ಕೇಳಬೇಕು ಎಂಬುದು ನನ್ನ ಆಸೆ. ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದಾಗಿನಿಂದ, ನಮ್ಮ ಕ್ಷೇತ್ರಕ್ಕೆ ಯಾವಾಗ ಎಂಬ ಪ್ರಶ್ನೆ ದೇಶದ ಎಲ್ಲ ಮೂಲೆಗಳಿಂದಲೂ ಬರುತ್ತಲೇ ಇದೆ. ಬೇಕಾದ ಪ್ರಶ್ನೆಯೇ, ಆದರೆ ಅಷ್ಟೇ ಸಾಲದು.

ಭಾಷೆಯ ವಿಷಯದಲ್ಲಿ ಸೇವೆ ಅರ್ಧಕ್ಕೆ ನಿಂತಿದೆ. ಲೋಕಸಭೆಯ ಕಲಾಪವನ್ನು ಸದಸ್ಯರು ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಏಕಕಾಲಿಕ ಭಾಷಾಂತರದಲ್ಲಿ ಕೇಳುವ ಏರ್ಪಾಡು ಇದೆ. ಆದರೆ ಲಿಖಿತ ಉತ್ತರಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಪಾವಗಡದ ಹುಡುಗಿಗೆ ಆ ಇಂಗ್ಲಿಷ್ ಅರ್ಥವಾಗದ್ದೇನಲ್ಲ, ವಾಕ್ಯಗಳು ಸರಳವಾಗಿಯೇ ಇರುತ್ತವೆ. ಆದರೂ ಅಡಿಕೆ ಬೆಳೆಗಾರನಾದ ಅವಳ ತಂದೆ ಅದನ್ನು ತಾನಾಗಿ ತೆರೆದು ಓದುವ ಸ್ಥಿತಿ ಬರುವವರೆಗೆ ಇದನ್ನು ಎಲ್ಲರ ಸೇವೆ ಎನ್ನುವುದು ಕಷ್ಟ.

ಹಳೆಯದನ್ನು ಓದಲು ಇಷ್ಟಪಡುವವರಿಗೆ ಸಂಸತ್ತಿನ ಡಿಜಿಟಲ್ ಗ್ರಂಥಾಲಯ ಬೇರೆಯೇ ಒಂದು ಲೋಕ. ಪ್ರಧಾನಿಯಾಗಿದ್ದ ಜವಾಹರಲಾಲ್ ನೆಹರೂ ವಿದೇಶಾಂಗ ಖಾತೆಯನ್ನೂ ತಮ್ಮ ಬಳಿಯೇ ಇಟ್ಟುಕೊಂಡಿದ್ದ ಕಾಲದಲ್ಲಿ, 1959ರ ಆಗಸ್ಟ್ 28ರಂದು, ಅಕ್ಸಾಯ್ ಚಿನ್ ಮೂಲಕ ಚೀನಾ ರಸ್ತೆ ಮಾಡಿರುವ ವಿಷಯ ಲೋಕಸಭೆಯಲ್ಲಿ ಹೊರಬಿತ್ತು. ಸೆಪ್ಟೆಂಬರ್ 7ರಂದು ಚೀನಾದೊಂದಿಗಿನ ಪತ್ರವ್ಯವಹಾರದ ಮೊದಲ ಶ್ವೇತಪತ್ರ ಸದನದ ಮುಂದೆ ಬಂತು. ಮಂಡ್ಯ ಜಿಲ್ಲೆಯ ಎಸ್.ಎಂ. ಕೃಷ್ಣ 2009ರಿಂದ 2012ರವರೆಗೆ ಇದೇ ಖಾತೆಯಲ್ಲಿದ್ದಾಗ ಕೊಟ್ಟ ಉತ್ತರಗಳೂ ಸಿಗುತ್ತವೆ. ಅವನ್ನು ಇಂದಿನವುಗಳ ಪಕ್ಕದಲ್ಲಿಟ್ಟು ಓದುವುದು ಒಳ್ಳೆಯ ಅಭ್ಯಾಸ. ಮಂತ್ರಿ ಬದಲಾದರೂ ಎಷ್ಟು ವಾಕ್ಯಗಳು ಬದಲಾಗುವುದಿಲ್ಲ ಎಂಬುದನ್ನು ನೋಡಿ ನಗು ಬಂದರೆ ತಪ್ಪಿಲ್ಲ.

ಹೊಸಬರು ಶುರುಮಾಡುವುದಾದರೆ ಅಧಿವೇಶನದ ಯಾವುದಾದರೂ ಗುರುವಾರ ಇಲ್ಲವೇ ಶುಕ್ರವಾರದ ಪಟ್ಟಿಯಿಂದ ಚುಕ್ಕೆ ಗುರುತಿನ ಒಂದೇ ಪ್ರಶ್ನೆಯನ್ನು ಆರಿಸಿಕೊಳ್ಳಲಿ. ಮೊದಲು ಪ್ರಶ್ನೆ ಓದಿ, ಆಮೇಲೆ ಪ್ರಸಾರ ನೋಡಿ, ಸಂಜೆ ಲಿಖಿತ ಉತ್ತರ ತೆರೆದು, ಪಕ್ಕದಲ್ಲಿ ಒಂದು ಪೆನ್ಸಿಲ್ ಇಟ್ಟುಕೊಂಡರೆ ಸಾಕು. ಬರೀ ಟಿವಿಯ ಮಾತಿಗಾಗಿ ಹೊತ್ತು ಕಳೆಯುವುದಾದರೆ ನಾನು ಶಿಫಾರಸು ಮಾಡುವುದಿಲ್ಲ.